ಕಾಟಾ ಖೋಲಿಯ ಮಾನಿಟರ್ ಸ್ಟ್ಯಾಂಡ್

ಚಿಕ್ಕೋಡಿಯಲ್ಲಿ ಬಡಿಗತನದ ತರಬೇತಿ ಮುಗಿಸಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಬರುವಾಗ ತಾವು ಮಾಡಿದ ಏನಾದರೊಂದನ್ನು ಬಗಲಲ್ಲಿ ಹಿಡಿದುಕೊಂಡೇ ಬರುತ್ತಾರೆ. ಮೊನ್ನೆ ಒಬ್ಬ ಕಂಪ್ಯೂಟರಿನ ಪರದೆಯನ್ನು ಮೇಜಿನ ಮೇಲೆ ಎತ್ತರಿಸಿ ಇಡುವ ಸ್ಟ್ಯಾಂಡ್ ತಂದಿದ್ದ. ಮೇಲೊಂದು ಹಲಗೆ, ಎಡಕ್ಕೊಂದು ಬಲಕ್ಕೊಂದು ಕಾಲು, ಅಷ್ಟೇ. ಪಾಲಿಶ್ ಎಷ್ಟು ಚೆನ್ನಾಗಿತ್ತೆಂದರೆ ಅದರಲ್ಲಿ ನನ್ನ ಮೂಗು ಕಾಣುತ್ತಿತ್ತು. ಇದು ಎಷ್ಟು ಭಾರ ತಡೆದೀತು ಎಂದು ಕೇಳಿದ. ಕೇಳಿದ್ದೇ ತಡ, ನನಗೆ ನಗು ಬಂತು. ತಡೆಯಲು ಹೋದೆ, ಕೆಮ್ಮು ಬಂತು. ಹೆಂಡತಿ ಓಡಿ ಬಂದು ನೀರು ಕೊಟ್ಟಳು. ಪಾಪ, ತನ್ನ ಕೆಲಸ ನೋಡಿ ನಕ್ಕೆನೆಂದು ತಿಳಿದು ಅವನು ಮುಖ ಸಣ್ಣ ಮಾಡಿಕೊಂಡ. ಹಾಗಲ್ಲಪ್ಪ, ಇದೇ ಪ್ರಶ್ನೆಯನ್ನು ನಾವೂ ಕೇಳಿಕೊಂಡೆವು, ಅದರ ದೆಸೆಯಿಂದ ನಮ್ಮ ಶೆಡ್ಡಿಗೇ ಬೀಗ ಬೀಳುವುದಿತ್ತು ಎಂದೆ. ಅವನು ನಂಬಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಈರಣ್ಣ, ಕಾಗವಾಡ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಡಿಗನಾಗಿದ್ದೆ. ನಿವೃತ್ತಿಯಾಗುವವರೆಗೂ ಬಡಿಗನೇ. ನಡುವೆ ಒಂದು ಬಡ್ತಿ ಬಂತು, ಅದರ ಕಥೆ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ, ಬಿಡಿ. ಸಕ್ಕರೆ ಕಾರ್ಖಾನೆಯಲ್ಲಿ ಬಡಿಗನಿಗೆ ಏನು ಕೆಲಸ ಎಂದು ಎಲ್ಲರೂ ಕೇಳುತ್ತಾರೆ. ಸಕ್ಕರೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನಮ್ಮ ಕೆಲಸವೇ. ಕಿಟಕಿ, ಬಾಗಿಲು, ಏಣಿ, ಬೆಂಚು, ಲ್ಯಾಬಿನಲ್ಲಿ ಬಾಟಲಿ ಇಡುವ ಗೂಡು, ಅತಿಥಿಗೃಹದ ಜೋಕಾಲಿ, ಕಬ್ಬಿನ ಯಾರ್ಡಿನಲ್ಲಿ ವಾಚ್‌ಮನ್ ಕೂರುವ ಗುಡಿಸಲು. ಕಾರ್ಖಾನೆಯ ಹಿಂಬದಿಗೆ ತಗಡು ಹೊದಿಸಿದ ಒಂದು ಶೆಡ್ಡಿತ್ತು. ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ಡೋಲು. ಆ ಶೆಡ್ಡಿನಲ್ಲಿ ನಾವು ನಾಲ್ವರು, ನಮ್ಮ ಮೇಲೆ ಕಾಳಪ್ಪ ಮಿಸ್ತ್ರಿ.

ಕಾಳಪ್ಪ ಮಿಸ್ತ್ರಿ ಅಥಣಿ ಕಡೆಯವರು. ದೇಹ ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ನಗು ಮಾತ್ರ ಒಳಗೇ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರ ಕಾನೂನು ಒಂದಿತ್ತು. ಶೆಡ್ಡಿನಿಂದ ಯಾವ ವಸ್ತು ಹೊರಗೆ ಹೋಗಬೇಕಾದರೂ ಮೊದಲು ಅದರ ಮೇಲೆ ಒಬ್ಬ ಕೂತು ಒಂದು ಕಪ್ ಚಹಾ ಕುಡಿಯಬೇಕು. ಒಂದು ಹನಿ ಚೆಲ್ಲಿದರೆ ಸಂದು ಸಡಿಲ, ಬಿಚ್ಚಿ ಮತ್ತೆ ಮಾಡು. ಬೆಂಚಿನ ಮೇಲೆ ಕೂತು ಕುಡಿಯುವುದೇನೋ ಸರಿ. ಏಣಿ ಮಾಡಿದರೆ ತುದಿ ಮೆಟ್ಟಿಲ ಮೇಲೆ ಕೂತು ಕುಡಿಯಬೇಕು. ಕಿಟಕಿ ಮಾಡಿದರೆ ಚೌಕಟ್ಟನ್ನು ಎರಡು ಡ್ರಮ್ಮಿನ ಮೇಲೆ ಇಟ್ಟು ಅದರಲ್ಲಿ ಕೂರಬೇಕು. ಹೊರಗಿನವರು ಯಾರಾದರೂ ಬಂದರೆ ನಮ್ಮಲ್ಲಿ ಒಬ್ಬ ಗೂಬೆಯಂತೆ ಎತ್ತರದಲ್ಲಿ ಕೂತು ಬಸಿಯಿಂದ ಚಹಾ ಹೀರುತ್ತಿರುವುದು ಕಾಣುತ್ತಿತ್ತು. ಬಡಿಗ್ಯಾರಿಗೆ ಕೆಲಸವಿಲ್ಲ, ಬರೀ ಚಹಾ ಎಂದು ಕಾರ್ಖಾನೆ ತುಂಬ ಹೆಸರಾಗಿತ್ತು. ಆದರೆ ಆ ಕಾನೂನು ಇದ್ದುದರಿಂದಲೇ ನಮ್ಮ ಬೆಂಚೊಂದೂ ಮುರಿದದ್ದನ್ನು ನಾನು ನೋಡಿಲ್ಲ. ಕಾಕಾನ ಚಹಾದ ಮೇಲೆ ನಮಗೆ ದೇವರಷ್ಟೇ ನಂಬಿಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಖಾನೆಗೆ ಕಂಪ್ಯೂಟರ್ ಬಂದವು. ಆಗಿನ ಮಾನಿಟರ್ ಅಂದರೆ ಈಗಿನ ಹಪ್ಪಳದಂಥದ್ದಲ್ಲ, ಹಿಂದೆ ದೊಡ್ಡ ಗೂನು ಇರುವ ಗಾಜಿನ ಡಬ್ಬಿ. ಅಕೌಂಟ್ಸಿನವರು ಮೊದಲ ಸ್ಟ್ಯಾಂಡ್ ಕೇಳಿದರು. ಕಂಪ್ಯೂಟರ್ ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಬಾಗಿಲಿಗೆ ಪರದೆ ಬೇರೆ. ಚಪ್ಪಲಿ ಬಿಡುವ ಜಾಗ, ಎತ್ತರದ ಪೀಠ, ಪರದೆ ಇಷ್ಟೆಲ್ಲ ಕೇಳಿದ ಕಾಕಾ ತಮಗೆ ತಿಳಿದ ಹಾಗೆಯೇ ಅರ್ಥ ಮಾಡಿಕೊಂಡರು. ಸಾಗವಾನಿ ತರಿಸಿ, ನಾಲ್ಕು ಕಂಬ, ಕಂಬಕ್ಕೆ ಬಳ್ಳಿ, ಎದುರಿಗೆ ಎರಡು ನವಿಲು, ಮೇಲೆ ಕಮಲ ಕೆತ್ತಿ ಮಾಡಿಕೊಟ್ಟರು. ಮಾನಿಟರ್ ಅದರೊಳಗೆ ಕೂತಾಗ ಸಾಕ್ಷಾತ್ ದೇವರೇ. ಮರುದಿನ ಯಾರೋ ಕುಂಕುಮ ಹಚ್ಚಿದ್ದರು. ಅಕೌಂಟ್ಸಿನ ಹೆಣ್ಣುಮಗಳೊಬ್ಬಳು ಮಲ್ಲಿಗೆ ಮುಡಿಸಿದ್ದಳು. ಬಹಳ ದಿನ ಆ ಕೋಣೆಯಲ್ಲಿ ಯಾರೂ ದನಿಯೆತ್ತಿ ಜಗಳವಾಡಲಿಲ್ಲವಂತೆ.

ಆ ನವಿಲುಗಳ ಕೀರ್ತಿಯಿಂದಲೇ ಕಾಟಾ ಖೋಲಿಯ ಕೆಲಸ ನಮಗೆ ಬಂತು. ಕಾಟಾ ಅಂದರೆ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಜಾಗ. ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ. ಪಕ್ಕದ ಸಣ್ಣ ಕೋಣೆಯಲ್ಲಿ ಗುಮಾಸ್ತ ಕೂತು ತೂಕ ಬರೆದು ಕಿಟಕಿಯಿಂದ ಚೀಟಿ ಕೊಡುತ್ತಾನೆ. ಹಿಂದೆ ಅಲ್ಲಿ ದೊಡ್ಡ ದಂಡಿಯ ತಕ್ಕಡಿ ಇತ್ತು. ಗುಂಡು ಎಲ್ಲಿ ನಿಂತಿತೆಂದು ರೈತನಿಗೂ ಕಾಣುತ್ತಿತ್ತು, ಗುಮಾಸ್ತನಿಗೂ ಕಾಣುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ತೂಕ ಪರದೆಯ ಮೇಲೆ ಮೂಡತೊಡಗಿತು, ಪರದೆಯ ಮುಖ ಗುಮಾಸ್ತನ ಕಡೆ. ಕಿಟಕಿಯ ಹೊರಗೆ ನಿಂತ ರೈತನಿಗೆ ಕಾಣುವುದು ಅದರ ಗೂನು ಮಾತ್ರ.

ಗುಮಾಸ್ತ ಬಾಳಗೌಡ, ಶಿರಗುಪ್ಪಿಯ ಜೈನರ ಮನೆಯವನು. ಸಮಾಧಾನಿ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವನು, ಇರುವೆಗೂ ದಾರಿ ಬಿಡುವವನು. ಟೇಬಲ್ ತಗ್ಗು, ಪರದೆಯನ್ನೂ ಹೊರಗಿನ ಟ್ರ್ಯಾಕ್ಟರನ್ನೂ ಒಟ್ಟಿಗೆ ನೋಡಬೇಕು, ಆದ್ದರಿಂದ ಕಿಟಕಿಯ ಬಳಿ ಎತ್ತರದ ಸ್ಟ್ಯಾಂಡ್ ಬೇಕು, ಕೆಳಗೆ ಬುತ್ತಿ ಡಬ್ಬಿ ಇಡಲು ಜಾಗ ಬೇಕು ಎಂದ. ನವಿಲು ಬೇಡ ಎಂದು ಸ್ಪಷ್ಟವಾಗಿ ಹೇಳಿದ.

ನಾನೇ ಮಾಡಿದೆ. ಹಲಗೆಯನ್ನು ಕಾಲುಗಳ ಮೇಲೆ ಇಟ್ಟೆ, ಬಿಳಿ ಅಂಟು ಹಚ್ಚಿದೆ, ಮೇಲಿನಿಂದ ಮೊಳೆ ಹೊಡೆದೆ. ಕಾಕಾ ಅದರ ಮೇಲೆ ಕೂತರು. ಸ್ಟ್ಯಾಂಡ್ ಅವರ ಕೆಳಗೆ ಕಾಣದಂತೆ ಮಾಯವಾಯಿತು. ಚಹಾ ಕುಡಿದರು, ಬಸಿ ನೆಕ್ಕಿದರು, ಒಂದು ಹನಿ ಚೆಲ್ಲಲಿಲ್ಲ. ಆ ಮನುಷ್ಯನನ್ನು ಹೊತ್ತದ್ದು ಮಾನಿಟರನ್ನು ಹೊರದೇ ಇರುತ್ತದೆಯೇ? ಹೆಮ್ಮೆಯಿಂದ ಹೊತ್ತುಕೊಂಡು ಹೋಗಿ ಇಟ್ಟು ಬಂದೆ. ಕಬ್ಬು ಅರೆಯುವ ಹಂಗಾಮು ಶುರುವಾಯಿತು, ಒಂದು ವಾರ ತುಂಬುವುದರೊಳಗೆ ಸ್ಟ್ಯಾಂಡ್ ಕುಂಟ ಎತ್ತಿನಂತೆ ಒಂದು ಕಡೆ ವಾಲಿ ವಾಪಸ್ ಬಂತು.

ಬೈದುಕೊಳ್ಳುತ್ತ ಮೊಳೆ ತೆಗೆದು ತಿರುಪು ಹಾಕಿದೆ. ಅದೂ ವಾಪಸ್ ಬಂತು. ಒಳಮೂಲೆಗೆ ಕಬ್ಬಿಣದ ಪಟ್ಟಿ ಹಾಕಿದೆ. ಪಟ್ಟಿ ಗಟ್ಟಿಯಾಗಿಯೇ ಇತ್ತು, ಅದನ್ನು ಹಿಡಿದ ಕಟ್ಟಿಗೆಯೇ ಸೀಳಿತ್ತು. ಪ್ರತಿ ಸಲವೂ ಕಾಕಾ ಕೂತು ಚಹಾ ಕುಡಿದೇ ಕಳಿಸುತ್ತಿದ್ದರು. ಕಾಕಾನಿಗೆ ಚಹಾ ಜಾಸ್ತಿಯಾಗಿ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಅವರ ಮನೆಯವರು ನನ್ನ ಮೇಲೆ ದೂರು ಹೇಳಿ ಕಳಿಸಿದರು.

ಕೊನೆಗೆ ಕಾಟಾ ಖೋಲಿಯಲ್ಲೇ ಒಂದು ಮಧ್ಯಾಹ್ನ ಸ್ಟೂಲ್ ಹಾಕಿ ಕೂತು ನೋಡಿದೆ. ಟ್ರ್ಯಾಕ್ಟರ್ ಬಂತು, ಕೋಣೆ ಗಡಗಡ ನಡುಗಿತು. ಅದು ದೊಡ್ಡ ವಿಷಯವಲ್ಲ. ರೈತ ಇಳಿದು ಕಿಟಕಿಗೆ ಬಂದ, ಬಾಳಗೌಡ ತೂಕ ಹೇಳಿದ, ರೈತ ಒಳಗೆ ಕೈ ಹಾಕಿ ಮಾನಿಟರನ್ನು ತನ್ನ ಕಡೆಗೆ ಎಳೆದ. ಕತ್ತು ಚಾಚಿ ನೋಡಿದ. ಬಾಳಗೌಡ ಅದನ್ನು ವಾಪಸ್ ನೂಕಿದ. ಮುಂದಿನ ರೈತ ಬಂದ, ಎಳೆದ. ಬಾಳಗೌಡ ನೂಕಿದ. ಮಾನಿಟರ್ ಜಾರಿ ಬೀಳಬಾರದೆಂದು ನಾನೇ ಸುತ್ತಲೂ ಪಟ್ಟಿ ಕಟ್ಟಿದ್ದೆ, ಆದ್ದರಿಂದ ಎಳೆತವೆಲ್ಲ ಸೀದಾ ಸ್ಟ್ಯಾಂಡಿನ ಸಂದಿಗೆ ಬೀಳುತ್ತಿತ್ತು. ಸಾಲಿನಲ್ಲಿ ನಿಂತವರಲ್ಲಿ ಎಳೆಯದವನು ಒಬ್ಬನೂ ಇರಲಿಲ್ಲ. ಹಾಲು ಕರೆಯುವವರು ಕೆಚ್ಚಲು ಹಿಡಿದಂತೆ ಅದು ಅವರಿಗೆ ರೂಢಿಯೇ ಆಗಿಬಿಟ್ಟಿತ್ತು.

ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನೊಂದು ನೆನಪಿಡಿ. ಮೇಲಿನಿಂದ ಬೀಳುವ ಭಾರ ಸಂದನ್ನು ಒತ್ತಿ ಮುಚ್ಚುತ್ತದೆ. ಪಕ್ಕದಿಂದ ಬರುವ ಎಳೆತ ಸಂದನ್ನು ತೆರೆಯುತ್ತದೆ. ಕಾಕಾ ಮೇಲೆ ಕೂತಷ್ಟೂ ನನ್ನ ಸ್ಟ್ಯಾಂಡ್ ಗಟ್ಟಿಯಾಗಿ ಕಂಡದ್ದು ಅದಕ್ಕೇ. ಇನ್ನು ಕಟ್ಟಿಗೆಯನ್ನು ಅಡ್ಡ ಕೊಯ್ದ ತುದಿ ಇದೆಯಲ್ಲ, ಅದು ಅಂಟನ್ನು ಕುಡಿದುಬಿಡುತ್ತದೆ, ಅಲ್ಲಿ ಹೊಡೆದ ಮೊಳೆ ನಾರಿನ ನಡುವೆ ಸುಮ್ಮನೆ ನಿಂತಿರುತ್ತದೆ, ಹಿಡಿದಿರುವುದಿಲ್ಲ. ಒಂದು ಕಟ್ಟಿಗೆಯ ನಾಲಿಗೆ ಇನ್ನೊಂದರ ತೂತಿನೊಳಗೆ ಹೋಗಿ ಕೂರಬೇಕು, ಅಡ್ಡಕ್ಕೆ ಬೆಣೆ ಬೀಳಬೇಕು, ಹಿಂಬದಿಗೆ ಒಂದು ಹಲಗೆ ಬೇಕು. ಆಗ ಎಳೆದರೆ ಮೂಲೆ ಓರೆಯಾಗುವುದಿಲ್ಲ. ಇದೆಲ್ಲ ನನಗೆ ಗೊತ್ತಿಲ್ಲವೆಂದಲ್ಲ. ಒಂದು ಟಿವಿ ಡಬ್ಬಿಗೆ ಇಷ್ಟೇಕೆ ಎಂಬ ಸೋಮಾರಿತನ.

ಅಷ್ಟರಲ್ಲಿ ದೂರು ಜಾಧವ ಸಾಹೇಬರ ತನಕ ಹೋಗಿತ್ತು. ಅವರು ಚೀಫ್ ಇಂಜಿನಿಯರ್, ಕೊಲ್ಲಾಪುರ ಕಡೆಯವರು. ಕನ್ನಡ ಮಾತಾಡುತ್ತಿದ್ದರು, ಆದರೆ ಅವರ ಕನ್ನಡ ಗಡಿಯ ಕೊಗನೊಳ್ಳಿ ದಾಟಿ ನಿಪ್ಪಾಣಿ ಮುಟ್ಟುವಷ್ಟರಲ್ಲಿ ತಿರುಗಿ ಮರಾಠಿಯಾಗಿ ವಾಪಸ್ ಹೋಗುತ್ತಿತ್ತು. ಕಾಟಾ ನಿಂತರೆ ಟ್ರ್ಯಾಕ್ಟರ್ ಸಾಲು ಹೆದ್ದಾರಿಗೆ ಮುಟ್ಟುತ್ತದೆ, ಅವರ ಸಿಟ್ಟು ಸುಳ್ಳಲ್ಲ. ಶೆಡ್ಡಿಗೆ ಬಂದು, ಕೂಗಾಡದೆ, ಒಂದೇ ಮಾತು ಹೇಳಿ ಹೋದರು. ಈ ಸಲದ ಸ್ಟ್ಯಾಂಡೂ ಮುರಿದರೆ ಕೊಲ್ಲಾಪುರದಿಂದ ಕಬ್ಬಿಣದ್ದು ತರಿಸುತ್ತೇವೆ, ಸ್ಟ್ಯಾಂಡ್ ಅಷ್ಟೇ ಅಲ್ಲ, ಇನ್ನು ಮುಂದೆ ಎಲ್ಲವೂ ಕಬ್ಬಿಣದ್ದೇ. ಈ ಶೆಡ್ಡು ಬಿಡಿಭಾಗದ ಉಗ್ರಾಣವಾಗುತ್ತದೆ. ಬಡಿಗರು ಕಬ್ಬಿನ ಯಾರ್ಡಿಗೆ ಹೋಗಿ ಟ್ರ್ಯಾಕ್ಟರ್ ಸರಿಸಲಿ.

ನಮ್ಮ ಪಗಾರವೇನೂ ಹೋಗುವುದಿಲ್ಲ, ಅದು ಗೊತ್ತಿತ್ತು. ಆದರೆ ಕಾಕಾ ಟ್ರ್ಯಾಕ್ಟರ್ ಮುಂದೆ ಸೀಟಿ ಊದುತ್ತ ನಿಲ್ಲುವುದನ್ನು ನೆನೆಸಿಕೊಳ್ಳಲೂ ನನ್ನಿಂದಾಗಲಿಲ್ಲ. ಕಾಕಾ ತಮ್ಮ ಉಳಿಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಇಟ್ಟರು. ಆಮೇಲೆ ಜಾಲಿಯ ದಿಮ್ಮಿಯೊಂದನ್ನು ಕಾಲಿನಿಂದ ನನ್ನ ಕಡೆ ಉರುಳಿಸಿದರು.

ಜಾಲಿ ಎಂದರೆ ಗೊತ್ತಲ್ಲ, ಚಕ್ಕಡಿಯ ಗಾಲಿಗೆ ಹಾಕುವ ಕಟ್ಟಿಗೆ. ಉಳಿ ಮುಟ್ಟಿದರೆ ಉಳಿಯೇ ಅಳುತ್ತದೆ. ಅದರಿಂದ ಒಂದು ಸ್ಟ್ಯಾಂಡ್ ಎದ್ದಿತು. ಮಾನಿಟರ್ ಅಲ್ಲ, ಆನೆ ನಿಲ್ಲಿಸಬಹುದಿತ್ತು. ಎಲ್ಲ ಮೂಲೆಗೂ ನಾಲಿಗೆ, ನಾಲಿಗೆಗೆ ಬೆಣೆ, ಹಿಂದೆ ಹಲಗೆ. ಅಷ್ಟು ಸಾಲದೆಂದು ಕಾಕಾ ಹಳೆಯ ಕಾಲದ ಸರಸು ಕುದಿಸಿ ಹಚ್ಚಿದರು. ಸರಸು ಅಂದರೆ ದನದ ಎಲುಬು, ತೊಗಲು ಕುದಿಸಿ ಮಾಡಿದ ಅಂಟು. ಹಿಡಿತ ಬಲವಾದದ್ದು, ವಾಸನೆ ಅದಕ್ಕಿಂತ ಬಲವಾದದ್ದು.

ಬಾಳಗೌಡ ತನ್ನ ಬುತ್ತಿ ಡಬ್ಬಿಯನ್ನು ಸ್ಟ್ಯಾಂಡಿನ ಕೆಳಗೆ ಇಡುತ್ತಿದ್ದ. ಜಾಲಿಯ ಸ್ಟ್ಯಾಂಡ್ ತಂದಿಟ್ಟ ದಿನ ಡಬ್ಬಿ ಇಡಲು ಬಗ್ಗಿದವನು ಹಾಗೇ ನಿಂತ. ಮೂಗು ಅರಳಿಸಿದ.

"ಈರಣ್ಣಾ, ಇದಕ್ಕ ಏನ್ ಹಚ್ಚೀರಿ?"

ಹೇಳಿದೆ. ಬಾಳಗೌಡ ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಡಬ್ಬಿ ಎತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಂತ. ಇದನ್ನು ಮುಟ್ಟಿ ಕೆಲಸ ಮಾಡಲು ತನ್ನಿಂದಾಗದು ಎಂದು ಅಲ್ಲಿಂದಲೇ ಕೈಮುಗಿದ. ಅಷ್ಟು ಮೆತ್ತಗೆ ಹೇಳಿದವನ ಜೊತೆ ಜಗಳವಾಡುವುದಾದರೂ ಹೇಗೆ? ಆನೆ ನಿಲ್ಲುವ ಸ್ಟ್ಯಾಂಡನ್ನು ಹೊತ್ತು ವಾಪಸ್ ನಡೆದೆವು. ಕಾಕಾ ದಾರಿಯುದ್ದಕ್ಕೂ ಗೊಣಗಿದರು. ಆದರೆ ಶೆಡ್ಡಿಗೆ ಬಂದವರೇ ಸರಸಿನ ಗಡಿಗೆಯನ್ನು ಹಿತ್ತಲಿಗೆ ಇಟ್ಟು, ಬೇರೆ ಜಾಲಿ ತೆಗೆದು, ಅಂಟೇ ಇಲ್ಲದ ಸಂದು ಮಾಡಲು ಕೂತರು. ಅಂಟಿಲ್ಲದ ಸಂದು ಎಂದರೆ ಕೂದಲೆಳೆಯಷ್ಟೂ ಸುಳ್ಳು ನಡೆಯುವುದಿಲ್ಲ. ನಾಲಿಗೆ ತೂತಿಗೆ ಸರಿಯಾಗಿ ಕೂರಬೇಕು, ಒಣ ಬಿದಿರಿನ ಬೆಣೆ ಹೊಡೆದರೆ ಟಣ್ ಎನ್ನಬೇಕು. ಅವರು ಹೊಡೆದ ಆ ಬೆಣೆಗಳ ಸದ್ದು ನನಗೆ ಈಗಲೂ ಇಷ್ಟ.

ಈ ಸಲ ನಾವು ಇನ್ನೊಂದು ಜಾಣತನ ಮಾಡಿದೆವು. ಎಳೆದರೆ ಅಲುಗಬಾರದೆಂದು ಸ್ಟ್ಯಾಂಡನ್ನು ಕಿಟಕಿಯ ಚೌಕಟ್ಟಿಗೇ ಬೋಲ್ಟ್ ಹಾಕಿ ಬಿಗಿದೆವು. ಆ ಕಿಟಕಿ ಕಾಕಾ ವಯಸ್ಸಿನಲ್ಲಿದ್ದಾಗ ತಾವೇ ಮಾಡಿ ಕೂರಿಸಿದ್ದು. ಅದರ ಮೇಲೆ ಅವರಿಗೆ ಮಗಳ ಮೇಲಿನಂಥ ಪ್ರೀತಿ. ಎಳೀರಿ ಈಗ ಎಂದು ರೈತರ ಸಾಲಿಗೆ ಕೈ ಮಾಡಿ ಶೆಡ್ಡಿಗೆ ಬಂದರು. ರೈತರು ಎಳೆದರು. ಸ್ಟ್ಯಾಂಡ್ ಕಣ್ಣು ಮಿಟುಕಿಸಲಿಲ್ಲ. ನಾವು ದಿನಾ ಹೋಗಿ ನೋಡಿ ಬರುತ್ತಿದ್ದೆವು, ಬಾಣಂತಿ ಮನೆಗೆ ಹೋಗಿ ಬಂದಂತೆ. ಸಂದಿಗೆ ಉಗುರು ತೂರಲಿಲ್ಲ. ಕಾಕಾ ಮೀಸೆ ತಿರುವಿದರು. ಹಂಗಾಮಿನ ಅರ್ಧ ಕಳೆಯಿತು.

ಆಗ ಬಂದ ತಾತ್ಯಾ ಪೈಲ್ವಾನ.

ತಾತ್ಯಾ ಒಂದು ಕಾಲದಲ್ಲಿ ಸಾಂಗಲಿ, ಮಿರಜದ ಕುಸ್ತಿ ಕಣಗಳಲ್ಲಿ ಹೆಸರು ಮಾಡಿದವನು, ಆಗ ಕಬ್ಬು ಬೆಳೆಯುತ್ತಿದ್ದ. ಮಗುವಿನಂಥ ಸ್ವಭಾವ, ಕೈ ಮಾತ್ರ ಎತ್ತಿನ ನೊಗ. ಬಾಳಗೌಡ ತೂಕ ಹೇಳಿದ. ತಾತ್ಯಾ ಎಲ್ಲರಂತೆ ಮಾನಿಟರ್ ಹಿಡಿದು ಎಳೆದ. ಬರಲಿಲ್ಲ. ಪೈಲ್ವಾನನಿಗೆ ಬರಲಿಲ್ಲ ಎಂದರೆ ಸಾಲಿನಲ್ಲಿ ನಿಂತವರು ಬಿಡುತ್ತಾರೆಯೇ? ಯಾರೋ ಹಿಂದಿನಿಂದ ನಕ್ಕರು. ತಾತ್ಯಾ ಧೋತರ ಮೇಲೆ ಕಟ್ಟಿದ, ಎರಡೂ ಕೈ ಒಳಗೆ ಹಾಕಿದ, ಒಂದು ಕಾಲನ್ನು ಗೋಡೆಗೆ ಕೊಟ್ಟ.

ಸ್ಟ್ಯಾಂಡ್ ಮುರಿಯಲಿಲ್ಲ. ಅದರ ಒಂದು ಸಂದೂ ಬಿಡಲಿಲ್ಲ. ಗೋಡೆಯೇ ಕಿಟಕಿಯನ್ನು ಬಿಟ್ಟುಕೊಟ್ಟಿತು. ಚೌಕಟ್ಟು, ಅದಕ್ಕೆ ಬಿಗಿದ ಸ್ಟ್ಯಾಂಡ್, ಅದರ ಮೇಲಿನ ಮಾನಿಟರ್ ಎಲ್ಲವೂ ಒಂದೇ ಕುಟುಂಬದಂತೆ ಕೈಹಿಡಿದುಕೊಂಡು ಹೊರಗೆ ಬಂದವು. ಮೇಲಿಂದ ಎರಡು ಇಟ್ಟಿಗೆ, ಒಂದು ಗುಬ್ಬಿಗೂಡು ಬಿದ್ದವು. ತಾತ್ಯಾ ಒಳ್ಳೆಯವನು, ಯಾವುದನ್ನೂ ಕೆಳಗೆ ಬೀಳಗೊಡಲಿಲ್ಲ. ಕಿಟಕಿಯ ಸಮೇತ ತೋಳಿನಲ್ಲಿ ತನ್ನ ಕಡೆ ತಿರುವಿ ಹಿಡಿದು ನಿಂತ. ವೈರುಗಳು ಹರಿಯಲಿಲ್ಲ. ಪರದೆಯ ಮೇಲೆ ಅಂಕಿ ಇನ್ನೂ ಹೊಳೆಯುತ್ತಿತ್ತು, ಈಗ ಸರಿಯಾಗಿ ಅವನ ಮೂಗಿನ ಕೆಳಗೆ. ಅವನು ಓದಿದ, ಓದಿ ಗಂಭೀರವಾಗಿ ತಲೆದೂಗಿದ.

"ತೂಕಾ ಬರೋಬರ್ ಐತ್ರಿ ಬಾಳಗೌಡ್ರ."

ನಾನು ಓಡಿ ಬರುವಷ್ಟರಲ್ಲಿ ಸಾಲಿನ ಸಾಲೇ ನೆಲ ಹಿಡಿದು ನಗುತ್ತಿತ್ತು. ಬಾಳಗೌಡ ಕಿಟಕಿಯಿಲ್ಲದ ಗೋಡೆಯ ತೂತಿನಲ್ಲಿ ಫೋಟೋದಂತೆ ಕೂತಿದ್ದ. ಕಾಕಾ ಬಂದರು. ಕಾಕಾ ತಾತ್ಯಾನ ತೋಳಿನಲ್ಲಿದ್ದ ಸ್ಟ್ಯಾಂಡಿನ ಸಂದುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಕಿಟಕಿಯನ್ನು ನೋಡಿದರು. ಗೆದ್ದೆನೋ ಸೋತೆನೋ ಅವರಿಗೇ ತಿಳಿಯಲಿಲ್ಲ. ನನಗೋ, ಇನ್ನು ಶೆಡ್ಡು ಹೋಯಿತು ಎಂದು ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಬಿಕ್ಕಳಿಸುತ್ತಾನೆ. ನಾನು ಬಿಕ್ಕಳಿಸುತ್ತ ನಿಂತಿದ್ದೆ. ಆಗಲೇ ಜಾಧವ ಸಾಹೇಬರ ಜೀಪು ಬಂತು.

ಸಾಹೇಬರು ಇಳಿದು ಗೋಡೆ ನೋಡಿದರು, ತಾತ್ಯಾನನ್ನು ನೋಡಿದರು. ಆಮೇಲೆ ಹತ್ತಿರ ಹೋಗಿ, ಮಾವುತ ಆನೆಯನ್ನು ಮಾತಾಡಿಸುವಂತೆ ಮೆತ್ತಗೆ, ಇದನ್ನು ಯಾಕೆ ಎಳೆದೆ ಎಂದು ಕೇಳಿದರು. ತೂಕ ನೋಡಲಿಕ್ಕೆ ಎಂದ ತಾತ್ಯಾ. ಬಾಳಗೌಡ ಹೇಳಿದ ಮೇಲೂ ಯಾಕೆ ನೋಡಬೇಕು ಎಂದರು. ತಾತ್ಯಾ ಮಾನಿಟರನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಿಸಿಕೊಂಡ.

"ಬಾಳಗೌಡ್ರ ಮ್ಯಾಲ ಏನ್ ಡೌಟ್ ಇಲ್ರಿ ಸಾಹೇಬ್ರ. ವರ್ಷಪೂರ್ತಿ ನೀರ ಹಾಯ್ಸಿ ಬೆಳದೀವಿ. ನಮ್ಮ ಕಬ್ಬಿನ ತೂಕಾ ನಮ್ಮ ಕಣ್ಣಲೆ ನೋಡಬೇಕ ಅನಸ್ತೈತ್ರಿ."

ಸಾಹೇಬರು ನಮ್ಮ ಕಡೆ ತಿರುಗಿ, "ಮಗ ಬಘೂ ದ್ಯಾ ಕೀ ತ್ಯಾನಾ" ಎಂದರು. ಹಾಗಾದರೆ ನೋಡಲಿ ಬಿಡಿ ಅವರು, ಎಂದು. ಎಳೆದರೂ ಬರದಂಥದ್ದು ಯಾಕೆ ಮಾಡುತ್ತೀರಿ, ಎಳೆಯುವ ಮೊದಲೇ ಬರುವಂಥದ್ದು ಮಾಡಿ. ಇಷ್ಟು ಹೇಳಿ, ಈಗ ಇನ್ನೊಮ್ಮೆ ಮುರಿದರೆ ಉಗ್ರಾಣದ ಮಾತು ನೆನಪಿದೆಯಲ್ಲ ಎಂದೂ ಸೇರಿಸಿ ಹೊರಟರು. ಇಷ್ಟು ದಿನ ನಾವು ಐದು ಜನ ಬಡಿಗರು ಎಷ್ಟು ಭಾರ, ಎಷ್ಟು ಎಳೆತ ಎಂದು ಲೆಕ್ಕ ಹಾಕುತ್ತಿದ್ದೆವು. ಯಾಕೆ ಎಳೆಯುತ್ತಾರೆ ಎಂದು ಕೇಳಿದ್ದು ಒಬ್ಬ ಸಾಹೇಬರೇ. ಮೇಲಧಿಕಾರಿಗಳನ್ನು ಬೈಯುವುದು ನಮಗೆಲ್ಲ ಅಭ್ಯಾಸ, ನಾನೂ ಬಹಳ ಬೈದಿದ್ದೇನೆ, ಆದರೆ ಈ ಪ್ರಶ್ನೆ ಅವರದು.

ಬಾಳಗೌಡ ಮಾತ್ರ ಒಪ್ಪಲಿಲ್ಲ. ಪರದೆ ಅವರ ಕಡೆ ತಿರುಗಿದರೆ ಒಬ್ಬೊಬ್ಬರೂ ಅದರ ಮುಂದೆ ನಿಂತು ವಾದ ಮಾಡುತ್ತಾರೆ, ಸಾಲು ಮುಂದೆ ಹೋಗುವುದೇ ಇಲ್ಲ, ನಾನು ಹೇಳಿದ ತೂಕಕ್ಕೆ ಮರ್ಯಾದೆಯೇ ಇಲ್ಲದಂತಾಗುತ್ತದೆ ಎಂದ. ಅವನ ಮಾತಿನಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು. ಒಂದು ವಾರ ನೋಡೋಣ ಎಂದು ಅವನ ಕೈ ಹಿಡಿದು ಕೇಳಿಕೊಂಡೆ.

ತಿರುಗುವ ಸ್ಟ್ಯಾಂಡ್ ಮಾಡಬೇಕು ಎಂದಾಯಿತು, ಹೇಗೆ ಮಾಡಬೇಕು ಎಂದು ಗೊತ್ತಾಗಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡೆ. ಅವಳು ಜೋಳ ಬೀಸುವ ಕಲ್ಲಿನ ಕಡೆ ಗೋಣು ಆಡಿಸಿದಳು. ಕೆಳಗಿನ ಕಲ್ಲು ಕದಲುವುದಿಲ್ಲ, ನಡುವೆ ಗೂಟ, ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಆ ಕಲ್ಲಿನ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ, ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡಿಗೆ ಓಡಿದೆ.

ಗೂಟಕ್ಕೆ ಜಾಲಿ, ನಾರು ಉದ್ದಕ್ಕೆ ಇರುವಂಥದ್ದು. ತೂತು ಬೀಳುವ ಹಲಗೆಯನ್ನು ಎರಡು ಪದರ ಮಾಡಿದೆವು, ಒಂದರ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ, ಇಲ್ಲವಾದರೆ ಗೂಟ ಅದನ್ನು ಸೀಳುತ್ತದೆ. ಉಜ್ಜಾಡುವ ಎರಡು ಮುಖಗಳನ್ನು ತಟ್ಟೆಯಷ್ಟು ಅಗಲ ಬಿಟ್ಟೆವು. ಗೂಟ ತಿರುಗಿಸುವುದಕ್ಕೆ ಮಾತ್ರ, ಭಾರ ಹೊರುವುದು ಆ ಅಗಲ. ನಡುವೆ ಹರಳೆಣ್ಣೆ ಸವರಿದೆವು, ಬಾಳಗೌಡನಿಗೂ ಅಭ್ಯಂತರವಿಲ್ಲದ ಎಣ್ಣೆ. ಬೆರಳಿನಿಂದ ತಳ್ಳಿದರೆ ತಿರುಗುತ್ತಿತ್ತು, ಕಣ್ಣಿಗೆ ಹಿತವಾಗುತ್ತಿತ್ತು.

ಕಾನೂನು ಕಾನೂನೇ. ಕಾಕಾ ಅದರ ಮೇಲೆ ಕೂತರು, ಚಹಾ ತರಿಸಿದರು. ತಿರುಗುವ ವಸ್ತುವನ್ನು ತಿರುಗಿಸಿಯೇ ನೋಡಬೇಕಲ್ಲವೇ? ನಾನು ಒಂದು ಸಲ ಮೆತ್ತಗೆ ತಳ್ಳಿದೆ. ಹರಳೆಣ್ಣೆ ಜಾಸ್ತಿಯಾಗಿತ್ತೋ ಏನೋ, ಕಾಕಾ ಗಿರ್ರನೆ ಹೊರಟರು. ಮುಖ ಬಂತು, ಬೆನ್ನು ಬಂತು, ಮತ್ತೆ ಮುಖ ಬಂತು. ಚಹಾ ಸುತ್ತಲೂ ಕಾರಂಜಿಯಂತೆ ಹಾರಿ ನಮ್ಮೆಲ್ಲರ ಅಂಗಿಯ ಮೇಲೆ ಬಿತ್ತು. ನಿಂತಾಗ ಕಾಕಾನ ಕೈಯಲ್ಲಿ ಬರೀ ಬಸಿ, ತಲೆಯ ಮೇಲಿನ ಟೋಪಿ ಓರೆ. ಅವರ ಕಾನೂನಿನ ಪ್ರಕಾರ ಹನಿ ಚೆಲ್ಲಿದರೂ ಬಿಚ್ಚಬೇಕು, ಇಲ್ಲಿ ಪೂರ್ತಿ ಕಪ್ಪೇ ಹೋಗಿತ್ತು. ಕಾಕಾ ಕೆಳಗೆ ಬಗ್ಗಿ ಗೂಟ ನೋಡಿದರು, ಸಂದು ನೋಡಿದರು. ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ಇನ್ನೊಮ್ಮಿ ತಿರಗಸಲೇ ಈರ್ಯಾ" ಎಂದರು.

ಅಂದು ಶೆಡ್ಡಿನಲ್ಲಿ ಎಲ್ಲರೂ ಸರದಿಯಂತೆ ಕೂತು ತಿರುಗಿದೆವು. ನಿಮಗೆ ಸುಳ್ಳೆನಿಸಬಹುದು, ಮೊಮ್ಮಕ್ಕಳಿದ್ದವರೂ ಸೇರಿ ಗಿರಿಗಿಟ್ಟಲೆಯಾಡಿದ್ದೇವೆ. ತಲೆ ಸುತ್ತಿ ಕಟ್ಟಿಗೆ ಹೊಟ್ಟಿನ ರಾಶಿಯ ಮೇಲೆ ಬಿದ್ದಿದ್ದೇವೆ. ಆಮೇಲೆ ಬುದ್ಧಿ ಬಂದು, ವೈರು ಸುತ್ತಿಕೊಳ್ಳಬಾರದೆಂದು ಎರಡು ಕಡೆ ತಡೆಗೂಟ ಹಾಕಿದೆವು. ಅರ್ಧ ಸುತ್ತಿಗಿಂತ ಆಚೆ ಹೋಗುತ್ತಿರಲಿಲ್ಲ.

ಹೊಸ ಕಿಟಕಿ ಕೂರಿಸಿ, ಸ್ಟ್ಯಾಂಡನ್ನು ಟೇಬಲಿಗೆ ಮಾತ್ರ ಬಿಗಿದೆವು. ಮೊದಲ ಟ್ರ್ಯಾಕ್ಟರ್ ದಿಗ್ಗೇವಾಡಿಯ ಚಂಪಕ್ಕನದು. ಗಂಡ ತೀರಿದ ಮೇಲೆ ಹೊಲವನ್ನು ತಾನೇ ನೋಡಿಕೊಳ್ಳುತ್ತಿದ್ದ ಹೆಂಗಸು. ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಕೂತೇ ಬರುತ್ತಿದ್ದಳು, ಬಾಳಗೌಡನ ಜೊತೆ ಜಗಳವಾಡದೆ ಒಂದು ಚೀಟಿಯನ್ನೂ ತೆಗೆದುಕೊಂಡವಳಲ್ಲ. ಬಾಳಗೌಡ ಅವಳನ್ನು ಕಂಡೇ ಬೆವರು ಒರೆಸಿಕೊಂಡ. ತೂಕ ಹೇಳಿದ. ಅವಳು ಸೆರಗು ಸಿಕ್ಕಿಸಿ, ಬಲ ಹಾಕಿ ಎಳೆಯಲು ಕೈ ಚಾಚಿದಳು. ಮುಟ್ಟಿದ್ದೇ ತಡ ಪರದೆ ಸುಮ್ಮನೆ ಅವಳ ಕಡೆ ತಿರುಗಿತು. ಎಳೆಯಲು ತಯಾರಾಗಿದ್ದವಳು ಆಯ ತಪ್ಪಿ ಎರಡು ಹೆಜ್ಜೆ ಹಿಂದೆ ಹೋದಳು. ಪರದೆಯನ್ನು ಅನುಮಾನದಿಂದ ನೋಡಿದಳು. ಹತ್ತಿರ ಬಂದು ಅಂಕಿಯ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. ಜಗಳ ಶುರುವಾಗುತ್ತದೆಂದು ನಾವೆಲ್ಲ ಕಾದೆವು. ಚಂಪಕ್ಕ ಪರದೆಯನ್ನು ತಾನೇ ಮೆತ್ತಗೆ ಬಾಳಗೌಡನ ಕಡೆ ತಿರುಗಿಸಿದಳು.

"ನಂದು ನೋಡೂದ್ ಆತು. ತಗೋರಿ ಅಣ್ಣಾ, ಇನ್ ನೀವ್ ನೋಡ್ರಿ."

ಅವಳು ಅವನನ್ನು ಅಣ್ಣಾ ಎಂದದ್ದು ಅದೇ ಮೊದಲು. ಬಾಳಗೌಡ ಚೀಟಿ ಕೊಟ್ಟ. ಅವಳು ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡು, ಮನೆಯಲ್ಲಿ ಮಕ್ಕಳು ಆರಾಮವೇ ಎಂದು ಅವನನ್ನು ಕೇಳಿ ಹೋದಳು. ಬಾಳಗೌಡ ಮುಂದಿನ ಟ್ರ್ಯಾಕ್ಟರ್ ಕರೆಯುವುದನ್ನೇ ಮರೆತು ಕೂತಿದ್ದ. ಮೂರ್ನಾಲ್ಕು ದಿನ ಎಲ್ಲರೂ ಆಟದ ಸಾಮಾನಿನಂತೆ ತಿರುಗಿಸಿದರು. ಆಮೇಲೆ ಅರ್ಧ ಜನ ಮುಟ್ಟುವುದನ್ನೇ ಬಿಟ್ಟರು. ಬೇಕಾದರೆ ನೋಡಬಹುದು ಎಂದಾದ ಮೇಲೆ ನೋಡುವ ಅವಸರವೇ ಅವರಿಗಿರಲಿಲ್ಲ. ಮುಂದೆ ಚಪ್ಪಟೆ ಪರದೆ ಬಂದವು, ಅದಾದ ಮೇಲೆ ಹೊರಗೇ ದೊಡ್ಡ ಕೆಂಪಕ್ಷರದ ಬೋರ್ಡು ಬಂತು. ಅಲ್ಲಿಯವರೆಗೂ ಆ ಗೂಟ ಸವೆಯಲಿಲ್ಲ.

ಆದರೆ ಇದೆಲ್ಲ ನಡೆಯುತ್ತಿದ್ದಾಗ ಶೆಡ್ಡಿನ ತೀರ್ಮಾನ ಇನ್ನೂ ಆಗಿರಲಿಲ್ಲ. ಹಂಗಾಮು ಮುಗಿಯುವ ದಿನ, ಹಿಂದೆಯೇ ಹೇಳಿ ಕಳಿಸಿದ್ದ ಕೊಲ್ಲಾಪುರದ ಕಬ್ಬಿಣದ ಕೆಲಸದವರೊಬ್ಬರು ಅಳತೆಯ ಟೇಪು ಹಿಡಿದು ಬಂದರು. ಉಗ್ರಾಣಕ್ಕೆ ರ‍್ಯಾಕ್ ಹಾಕಲು ನಮ್ಮ ಗೋಡೆ ಅಳೆಯಬೇಕಿತ್ತಂತೆ. ಅವರು ಟೇಪಿನ ತುದಿ ಹಿಡಿಯಲು ಕಾಕಾನಿಗೇ ಕೊಟ್ಟರು. ಕಾಕಾ ಹಿಡಿದು ನಿಂತರು. ನನ್ನ ಕಣ್ಣಲ್ಲಿ ನೀರು ಬಂತು. ಬರುತ್ತದೆ, ಏನು ಮಾಡಲಿ? ಅಷ್ಟರಲ್ಲಿ ಜಾಧವ ಸಾಹೇಬರು ಬಂದರು. ಟೇಪಿನವರನ್ನು ಕಾಟಾ ಖೋಲಿಗೆ ಕರೆದುಕೊಂಡು ಹೋಗಿ ಕಿಟಕಿಯ ಹೊರಗೆ ನಿಲ್ಲಿಸಿದರು. ನಾವೂ ಹಿಂದೆ ಹಿಂದೆ ಹೋದೆವು. ಆ ಮನುಷ್ಯ ಪರದೆಯನ್ನು ತಿರುಗಿಸಿದರು, ಇನ್ನೊಮ್ಮೆ ತಿರುಗಿಸಿದರು, ಬಗ್ಗಿ ಕೆಳಗೆ ನೋಡಿದರು, ಇದನ್ನು ಯಾರು ಮಾಡಿದ್ದು ಎಂದರು. ಸಾಹೇಬರು ಅವರ ಕೈಯಿಂದ ಟೇಪು ತೆಗೆದುಕೊಂಡು ಸುರುಳಿ ಸುತ್ತಿ ಅವರ ಜೇಬಿಗೆ ಹಾಕಿದರು. ಉಗ್ರಾಣಕ್ಕೆ ಬೇರೆ ಜಾಗ ನೋಡೋಣ ಎಂದು ಮರಾಠಿಯಲ್ಲಿ ಹೇಳಿದರು.

ತಿರುಗಿ ನೋಡಿದರೆ ಕಾಕಾ ಇಲ್ಲ. ಶೆಡ್ಡಿನ ಕಡೆಯಿಂದ ಹಲಗೆ ಹೆರೆಯುವ ರಂಧಾ ಹೊಡೆಯುವ ಸದ್ದು ಬರುತ್ತಿತ್ತು. ಓಡಿ ಹೋದೆ. ಬೆರಳಷ್ಟು ಕಟ್ಟಿಗೆ ಉಳಿದರೂ ಬೆಣೆಗೆ ಬೇಕಾದೀತೆಂದು ಎತ್ತಿಡುವ ಮನುಷ್ಯ, ಒಳ್ಳೆಯ ಸಾಗವಾನಿ ಹಲಗೆಯೊಂದನ್ನು ಬೆಂಚಿಗೆ ಬಿಗಿದು ಹೊಡೆಯುತ್ತಲೇ ಇದ್ದರು. ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ ಅವರ ಮೀಸೆಗೆ, ಟೋಪಿಗೆ ಹತ್ತಿತ್ತು, ಮೊಳಕಾಲವರೆಗೆ ತುಂಬಿತ್ತು. ಹಲಗೆ ಆಗಲೇ ರಟ್ಟಿನಷ್ಟು ತೆಳ್ಳಗಾಗಿತ್ತು. ಮುಖ ಪೂರ್ತಿ ನಗುತ್ತಿತ್ತು, ಕೆನ್ನೆ ಒದ್ದೆಯಾಗಿತ್ತು. ಏನು ಮಾಡುತ್ತಿದ್ದೀರಿ ಕಾಕಾ ಎಂದು ಕೇಳಿದೆ.

"ಏನೂ ಇಲ್ಲಲೇ, ಸುಮ್ಮ ಹೊಡ್ಯಾಕತ್ತೀನಿ" ಎಂದರು. "ನಿಂದೂ ಒಂದ್ ಕೈ ಹಾಕ್ ಬಾ."

ಎದುರಿಗೆ ನಿಂತು ರಂಧಾದ ಮುಂದಿನ ಹಿಡಿಕೆ ಹಿಡಿದೆ. ಅವರು ನೂಕಿದರು, ನಾನು ಎಳೆದೆ. ಹಂಗಾಮು ಮುಗಿಯಿತೆಂದು ಕಾರ್ಖಾನೆಯ ಭೋಂಗಾ ಕೂಗುವವರೆಗೂ ಇಬ್ಬರೂ ಸೇರಿ ಆ ಸಾಗವಾನಿ ಹಲಗೆಯನ್ನು ಪೂರ್ತಿ ಹೊಟ್ಟು ಮಾಡಿ ಮುಗಿಸಿದೆವು.